ಮಕ್ಕಳ ಆರೈಕೆಗೆಂದು ಪರದೇಶಕ್ಕೆ ಹೊರಟವರ ಆರೋಗ್ಯ

ನಮ್ಮ ಅಳ್ನಾವರದ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಲೋಂಡಾ ಮಾರ್ಗವಾಗಿ ಗೋವೆಗೆ ಹೋಗಿ ಪರರ ಮನೆಯಲ್ಲಿ ಅಡುಗೆ ಮಾಡುವುದು, ಕೂಸು ನೋಡಿಕೊಳ್ಳುವುದು ಹೊಸ ಸಂಗತಿಯೇನಲ್ಲ. ರಾಜ್ಯದ ಅನೇಕ ಕಡೆಯ ಹೆಣ್ಣುಮಕ್ಕಳು ಇದೇ ಕೆಲಸಕ್ಕೆ ಇನ್ನೂ ದೂರ ಹೋಗುತ್ತಾರೆ. ಕುವೈತ್, ದುಬೈ, ಮಸ್ಕತ್‌ಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿದ್ದಾರೆ. ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ಹೋಗಿ ವೃದ್ಧರ ಸೇವೆ ಮಾಡುವವರಿದ್ದಾರೆ. ಕಾಲೇಜು ಓದಿದ ಕೆಲವು ಯುವತಿಯರು ಜರ್ಮನಿಯಂಥ ದೇಶಗಳಿಗೆ ‘ಓ ಪೇರ್’ ಆಗಿ ಹೋಗುತ್ತಾರೆ. ಇದು ಫ್ರೆಂಚ್ ಮಾತು, ‘ಸರಿಸಮಾನವಾಗಿ’ ಎಂದರ್ಥ. ಒಂದು ಕುಟುಂಬದ ಜೊತೆ ಮನೆಯವಳಂತೆ ಇದ್ದು, ಅವರ ಮಕ್ಕಳನ್ನು ನೋಡಿಕೊಂಡು, ಊಟ, ವಸತಿ ಮತ್ತು ಕೈಖರ್ಚಿನ ಹಣ ಪಡೆದು ಅವರ ಭಾಷೆ ಕಲಿಯುವ ಏರ್ಪಾಡು ಅದು.

ಇಂಥ ಪ್ರಯಾಣಕ್ಕೆ ಹಳೆಯ ಇತಿಹಾಸವೂ ಉಂಟು. ಬ್ರಿಟಿಷರ ಕಾಲದಲ್ಲಿ ಸಾಹೇಬರ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದ ಆಯಾಗಳು ಅವರೊಡನೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಅಲ್ಲಿ ಕೆಲಸ ಮುಗಿದೊಡನೆ ಮರಳುವ ಖರ್ಚನ್ನೂ ಕೊಡದೆ ಕೈಬಿಟ್ಟ ಉದಾಹರಣೆಗಳಿವೆ. ಅಂಥವರಿಗಾಗಿ ಲಂಡನ್ನಿನ ಹ್ಯಾಕ್ನಿಯಲ್ಲಿ ‘ಆಯಾಗಳ ಮನೆ’ ಎಂಬ ಆಶ್ರಯವೇ ಇತ್ತು. ಆ ಕಟ್ಟಡಕ್ಕೆ 2022ರಲ್ಲಿ ಸ್ಮಾರಕ ಫಲಕ ಹಾಕಲಾಯಿತು. ಹಡಗು ಹೋಗಿ ವಿಮಾನ ಬಂದರೂ, ಪರರ ಮನೆಯಲ್ಲಿ ಒಂಟಿಯಾಗಿ ಇರುವವಳ ಕಷ್ಟ ಬಹುಪಾಲು ಹಾಗೆಯೇ ಉಳಿದಿದೆ. ಅದರಲ್ಲಿ ಮೊದಲನೆಯದು ಆರೋಗ್ಯ. ಊರಿನಲ್ಲಿ ಜ್ವರ ಬಂದರೆ ಅವ್ವ ಗಂಜಿ ಕಾಸಿ ಕೊಡುತ್ತಾಳೆ, ಅಣ್ಣ ಗಾಡಿ ಹತ್ತಿಸಿ ದವಾಖಾನೆಗೆ ಕರೆದೊಯ್ಯುತ್ತಾನೆ. ಅಲ್ಲಿ ಜ್ವರ ಬಂದಿದೆ ಎಂದು ಹೇಳಲೂ ಪರಭಾಷೆ ಬೇಕು. ಆದ್ದರಿಂದ ಆರೋಗ್ಯದ ಸಿದ್ಧತೆಯನ್ನು ಪಾಸ್‌ಪೋರ್ಟಿನಷ್ಟೇ ಮುಖ್ಯವೆಂದು ತಿಳಿಯಬೇಕು.

ಅವರ ತಪಾಸಣೆ, ನಿಮ್ಮ ತಪಾಸಣೆ

‘ಡಾಕ್ಟರ್ ಸಾಹೇಬ್ರ, ಮೆಡಿಕಲ್ ಪಾಸಾಗೇದ, ಮತ್ತ್ಯಾಕ ತಪಾಸಣಿ?’ ಎಂದು ಕೇಳುವವರುಂಟು. ಇಲ್ಲಿಯೇ ತಿಳಿವಳಿಕೆ ಬೇಕಾಗಿದೆ. ಕೊಲ್ಲಿ ದೇಶಗಳ ವೀಸಾಕ್ಕಾಗಿ ಮಾಡುವ ವೈದ್ಯಕೀಯ ತಪಾಸಣೆ ಆ ದೇಶದವರ ರಕ್ಷಣೆಗಾಗಿ ಇರುವಂಥದು. ನಿಮ್ಮಿಂದ ಅಲ್ಲಿಗೆ ಸೋಂಕು ಹೋಗಬಾರದು, ನೀವು ದುಡಿಯಲು ಶಕ್ತರಿರಬೇಕು ಎಂಬಷ್ಟೇ ಅದರ ಉದ್ದೇಶ. ಆದ್ದರಿಂದ ಅಲ್ಲಿ ಎದೆಯ ಎಕ್ಸ್‌ರೇ ತೆಗೆದು ಕ್ಷಯ ನೋಡುತ್ತಾರೆ. ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ‘ಬಿ’ ಮತ್ತು ‘ಸಿ’, ಸಿಫಿಲಿಸ್ ನೋಡುತ್ತಾರೆ. ಹೆಣ್ಣುಮಕ್ಕಳಿಗೆ ಗರ್ಭಪರೀಕ್ಷೆ ಮಾಡುತ್ತಾರೆ. ನಿಮ್ಮ ಬೆನ್ನುನೋವು, ತಿಂಗಳ ಅತಿಸ್ರಾವ, ಹಲ್ಲಿನ ಹುಳುಕು, ರಾತ್ರಿ ನಿದ್ರೆ ಬಾರದಿರುವುದು ಇವುಗಳನ್ನು ಅಲ್ಲಿ ವಿಚಾರಿಸುವುದು ವಿರಳ. ‘ಫಿಟ್’ ಎಂಬ ಚೀಟಿ ಮಾಲೀಕನ ಸಮಾಧಾನಕ್ಕೆ. ಎರಡು ವರ್ಷ ಒಬ್ಬಳೇ ಬಾಳಲು ನಿಮ್ಮ ದೇಹ ಸಿದ್ಧವಿದೆಯೇ ಎಂಬುದನ್ನು ನಿಮ್ಮೂರಿನ ವೈದ್ಯರಲ್ಲಿ ಬೇರೆಯಾಗಿಯೇ ತೋರಿಸಿಕೊಳ್ಳಬೇಕು. ಹೊರಡುವುದಕ್ಕೆ ಮೂರು ತಿಂಗಳಾದರೂ ಮುಂಚೆ ಇದಾಗಬೇಕು; ಆರು ತಿಂಗಳಾದರೆ ಇನ್ನೂ ಒಳ್ಳೆಯದು.

ಮೊದಲು ಎಕ್ಸ್‌ರೇ, ಆಮೇಲೆ ಸಾಲ

ಬಹಳ ಮಂದಿ ಒಡವೆ ಒತ್ತೆಯಿಟ್ಟು, ಬಡ್ಡಿಗೆ ಹಣ ತಂದು, ಏಜೆಂಟನಿಗೆ ಕೊಟ್ಟ ಮೇಲೆ ತಪಾಸಣೆಗೆ ಹೋಗುತ್ತಾರೆ. ಇದು ತಿರುವುಮುರುವು. ಎಂದೋ ಬಂದು ಪೂರ್ತಿ ಗುಣವಾದ ಕ್ಷಯವೂ ಶ್ವಾಸಕೋಶದಲ್ಲಿ ಕಲೆ ಉಳಿಸಿರಬಹುದು. ರೋಗವಿಲ್ಲದಿದ್ದರೂ ಆ ಕಲೆಯ ಕಾರಣದಿಂದಲೇ ಕೊಲ್ಲಿ ದೇಶಗಳಿಗೆ ‘ಅನ್‌ಫಿಟ್’ ಆಗುವ ಸಂಭವವಿದೆ. ಆ ಕಲೆಯನ್ನು ಅಳಿಸುವ ಔಷಧಿ ಯಾವ ವೈದ್ಯರಲ್ಲಿಯೂ ಇಲ್ಲ. ಹಣ ಕೊಟ್ಟರೆ ಸರಿಮಾಡಿಸುತ್ತೇನೆ ಎನ್ನುವವರನ್ನು ನಂಬಬೇಡಿ. ಏಕೆಂದರೆ ಅಲ್ಲಿಗೆ ಮುಟ್ಟಿದ ಮೇಲೆ ಇನ್ನೊಂದು ತಪಾಸಣೆ ಇರುತ್ತದೆ. ಅದರಲ್ಲಿ ಸಿಕ್ಕಿಬಿದ್ದರೆ ಮರಳಿ ಕಳಿಸುತ್ತಾರೆ. ನೌಕರಿಯೂ ಇಲ್ಲ, ಸಾಲ ಮಾತ್ರ ಉಳಿಯುತ್ತದೆ. ಮೊದಲೇ ಒಂದು ಎದೆಯ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆಗೆ ಆಗುವ ಖರ್ಚು ಆ ಸಾಲದ ಮುಂದೆ ಏನೂ ಅಲ್ಲ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯವೇ ಎಂದು ತಿಳಿದರೂ ಎದೆಗುಂದಬೇಕಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಸಾಮಾನ್ಯ ಕ್ಷಯ ಆರು ತಿಂಗಳ ಔಷಧಿಯಿಂದ ಗುಣವಾಗುತ್ತದೆ.

ಮುಟ್ಟು ತಪ್ಪಿದ್ದರೆ ಮುಚ್ಚಿಡದೆ ಗರ್ಭಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಿಣಿಯಾಗಿ ಹೋದವಳ ಪಾಡು ಪರರ ಮನೆಯಲ್ಲಿ ಬಹಳ ಕಷ್ಟದ್ದು. ಮದುವೆಯಾದವರು ಗರ್ಭನಿರೋಧದ ವಿಷಯವನ್ನು ಸಂಕೋಚವಿಲ್ಲದೆ ವೈದ್ಯರೊಡನೆ ಮಾತನಾಡಿ ಹೊರಡುವುದು ಲೇಸು.

ರಕ್ತಹೀನತೆ ಎಂಬ ಮುಚ್ಚಿದ ಶತ್ರು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಹೆಂಗಸಿನ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಊರಿನಲ್ಲಿ 8-9 ಗ್ರಾಂ ಇಟ್ಟುಕೊಂಡೇ ಹೊಲ-ಮನೆ ಕೆಲಸ ಸಾಗಿಸುವವರಿದ್ದಾರೆ. ಸುಸ್ತಾದರೆ ಸ್ವಲ್ಪ ಕುಳಿತು ಏಳುತ್ತಾರೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಮೆಟ್ಟಿಲು ಹತ್ತಿಳಿದು, ಕೂಸನ್ನು ಸೊಂಟದ ಮೇಲೆ ಹೊತ್ತು, ನಡುರಾತ್ರಿ ಎದ್ದು ಹಾಲು ಕೊಡುವ ಕೆಲಸದಲ್ಲಿ ಆ ಕೊರತೆ ಮುಚ್ಚಿಡಲಾಗದು. ಏದುಸಿರು, ಎದೆ ಡವಡವ ಎನ್ನುವುದು, ತಲೆ ತಿರುಗುವುದು ಶುರುವಾಗುತ್ತದೆ. ಅದನ್ನು ಅಲ್ಲಿಯವರು ಸೋಮಾರಿತನವೆಂದು ತಿಳಿಯುತ್ತಾರೆ.

ಇದಕ್ಕೆ ಚಿಕಿತ್ಸೆ ಸುಲಭ. ಸಮಯ ಮಾತ್ರ ಬೇಕು. ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಗುಳಿಗೆ ನುಂಗಬೇಕು. ಗುಳಿಗೆ ನುಂಗಿದ ಕೂಡಲೇ ಚಹಾ, ಹಾಲು ಕುಡಿದರೆ ಅದು ಮೈಗೆ ಹತ್ತುವುದಿಲ್ಲ. ಒಂದೆರಡು ತಾಸು ಬಿಡಬೇಕು. ಲಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಮಲ ಕಪ್ಪಾದರೆ ಗಾಬರಿ ಬೇಡ, ಅದು ಗುಳಿಗೆಯ ಗುಣ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಗುಳಿಗೆ ಮುಂದುವರಿಸಬೇಕು. ತಿಂಗಳ ಸ್ರಾವ ಅತಿಯಾಗಿದ್ದರೆ ಅದರ ಕಾರಣವನ್ನು ಹುಡುಕಿಸಬೇಕು. ಇಲ್ಲದಿದ್ದರೆ ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತಾಗುತ್ತದೆ.

ಇದೇ ಭೇಟಿಯಲ್ಲಿ ರಕ್ತದ ಒತ್ತಡ, ಸಕ್ಕರೆ, ಥೈರಾಯ್ಡ್, ಕಣ್ಣು, ಹಲ್ಲು ಇವುಗಳನ್ನೂ ನೋಡಿಸಿಕೊಳ್ಳಿ. ಹಲ್ಲಿನ ಚಿಕಿತ್ಸೆ ಪರದೇಶದಲ್ಲಿ ಬಹಳ ದುಬಾರಿ.

ಲಸಿಕೆಗಳು ಕೂಸಿಗಷ್ಟೇ ಅಲ್ಲ

ಮಕ್ಕಳ ಜೊತೆ ದಿನವೂ ಇರುವವರಿಗೆ ಮಕ್ಕಳ ಕಾಯಿಲೆ ತಗಲುವುದು ಸಹಜ. ಚಿಕ್ಕಂದಿನಲ್ಲಿ ಸಿಡುಬಿನ ಹೊಪ್ಪಳೆಯಂತೆ ಮೈತುಂಬ ನೀರುಗುಳ್ಳೆ ಏಳುವ ಚಿಕನ್‌ಪಾಕ್ಸ್ ಬಂದಿರದಿದ್ದರೆ ದೊಡ್ಡವರಾದ ಮೇಲೆ ಅದು ಹೆಚ್ಚು ಉಗ್ರವಾಗಿ ಬರುತ್ತದೆ. ಅದಕ್ಕೆ ಎರಡು ಸಲ ಲಸಿಕೆ ಇದೆ. ದಡಾರ, ಗದ್ದಬಾವು, ರುಬೆಲ್ಲಾಗಳಿಗೆ ಒಟ್ಟಾಗಿ ಎಂಎಂಆರ್ ಲಸಿಕೆ ಇದೆ. ಈ ಲಸಿಕೆಗಳನ್ನು ಗರ್ಭಿಣಿಯರಿಗೆ ಕೊಡುವಂತಿಲ್ಲ. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ಧರಿಸಬಾರದು. ಹೆಪಟೈಟಿಸ್ ‘ಬಿ’ ಲಸಿಕೆಯನ್ನು ಮೊದಲ ದಿನ, ಒಂದು ತಿಂಗಳಿಗೆ ಮತ್ತು ಆರು ತಿಂಗಳಿಗೆ ಹೀಗೆ ಮೂರು ಸಲ ಹಾಕಿಸಬೇಕು. ಆರು ತಿಂಗಳು ಮುಂಚೆ ಬನ್ನಿ ಎಂದು ಹೇಳುವುದು ಇದಕ್ಕಾಗಿಯೇ. ಹತ್ತು ವರ್ಷಗಳಿಂದ ಧನುರ್ವಾಯು ಲಸಿಕೆ ಹಾಕಿಸಿಲ್ಲದಿದ್ದರೆ ಅದನ್ನೂ ಹಾಕಿಸಿಕೊಳ್ಳಿ. ಎಲ್ಲದರ ದಿನಾಂಕ ಬರೆದ ಕಾರ್ಡನ್ನು ಜೋಪಾನವಾಗಿಡಿ.

ಗಂಟಿನಲ್ಲಿ ಏನಿರಬೇಕು, ಏನಿರಬಾರದು

ನಿತ್ಯ ಔಷಧಿ ತೆಗೆದುಕೊಳ್ಳುವವರು ಆರಂಭದ ತಿಂಗಳುಗಳಿಗೆ ಸಾಲುವಷ್ಟು ಒಯ್ಯಬೇಕು. ಎಷ್ಟು ಒಯ್ಯಬಹುದೆಂಬ ಮಿತಿ ದೇಶಕ್ಕೊಂದು ಬಗೆ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಿ. ಗುಳಿಗೆಗಳನ್ನು ಪೊಟ್ಟಣ ಕಟ್ಟದೆ ಅಂಗಡಿಯ ಮೂಲ ಪಟ್ಟಿಯಲ್ಲಿಯೇ ಇಟ್ಟು, ಕೈಚೀಲದಲ್ಲಿ ಒಯ್ಯಿರಿ. ಜೊತೆಗೆ ವೈದ್ಯರ ಚೀಟಿ ಇರಬೇಕು. ಅದರಲ್ಲಿ ಔಷಧಿಯ ಕಂಪನಿ ಹೆಸರಿನ ಜೊತೆ ಮೂಲ ಹೆಸರನ್ನೂ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.

ನಮ್ಮಲ್ಲಿ ಸಲೀಸಾಗಿ ಸಿಗುವ ಕೆಲವು ಔಷಧಿಗಳು ಕೊಲ್ಲಿ ದೇಶಗಳಲ್ಲಿ ಮಾದಕವಸ್ತುಗಳ ಪಟ್ಟಿಗೆ ಸೇರಿವೆ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಇರುವ ನೋವಿನ ಗುಳಿಗೆ, ನಿದ್ರೆಗೆಂದು ಕೊಡುವ ಆಲ್ಪ್ರಜೋಲಾಮ್ ಇವುಗಳನ್ನು ಅನುಮತಿ ಇಲ್ಲದೆ ಒಯ್ದರೆ ಜೈಲಿಗೆ ಹೋಗುವ ಪ್ರಸಂಗ ಬರಬಹುದು. ನಮ್ಮ ಅಡುಗೆಮನೆಯ ಗಸಗಸೆಯೂ ಅಷ್ಟೇ. ಅದು ಅಫೀಮು ಗಿಡದ ಬೀಜವಾದ್ದರಿಂದ ಅರಬ್ ಸಂಯುಕ್ತ ಸಂಸ್ಥಾನ, ಸೌದಿ ಅರೇಬಿಯಾ ಮೊದಲಾದೆಡೆ ನಿಷೇಧವಿದೆ. ಅವ್ವ ಅಕ್ಕರೆಯಿಂದ ಕಟ್ಟಿಕೊಟ್ಟ ಅಂಟಿನುಂಡಿಯಲ್ಲಿ, ಮಸಾಲೆಪುಡಿಯಲ್ಲಿ ಗಸಗಸೆ ಇದೆಯೇ ಎಂದು ಕೇಳಿ, ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ. ಬೇರೆಯವರು ‘ನಮ್ಮವರಿಗೆ ಮುಟ್ಟಿಸಿ’ ಎಂದು ಕೊಟ್ಟ ಗಂಟನ್ನು ಬಿಚ್ಚಿ ನೋಡದೆ ಒಯ್ಯಲೇಬಾರದು.

ಹೋದ ಮೇಲೆ: ಬಿಸಿಲು, ನೀರು, ಬೆನ್ನು

ಕಾಡಿನ ಅಂಚಿನ ನಮ್ಮ ಊರಿನವರಿಗೆ ಮರುಭೂಮಿಯ ಬೇಸಿಗೆ ಊಹೆಗೂ ನಿಲುಕದು. 2016ರ ಜುಲೈಯಲ್ಲಿ ಕುವೈತಿನ ಮಿತ್ರಿಬಾದಲ್ಲಿ ಉಷ್ಣತೆ 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಮನೆಯೊಳಗೆ ಹವಾನಿಯಂತ್ರಣ ಇದ್ದರೂ, ಮಾಳಿಗೆಯ ಮೇಲೆ ಬಟ್ಟೆ ಒಣಗಿಸುವುದು, ಅಂಗಳ ತೊಳೆಯುವುದು ನಿಮ್ಮ ಪಾಲಿಗೆ ಬರಬಹುದು. ಅಂಥ ಕೆಲಸಗಳನ್ನು ಬೆಳಗು-ಸಂಜೆ ಮುಗಿಸಿರಿ. ಬಾಯಾರುವವರೆಗೆ ಕಾಯದೆ ನೀರು ಕುಡಿಯಿರಿ. ಮೂತ್ರ ಕಡು ಹಳದಿಯಾದರೆ ನೀರು ಸಾಲದೆಂದು ಅರ್ಥ. ತಲೆನೋವು, ಸ್ನಾಯು ಸೆಳೆತ, ವಾಂತಿ ಬಂದರೆ ನೆರಳಿಗೆ ಬಂದು, ಮೈಗೆ ತಣ್ಣೀರು ಹಚ್ಚಿ, ಓಆರ್‌ಎಸ್ ಕುಡಿಯಬೇಕು. ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ಅದು ಬಿಸಿಲಾಘಾತ. ಕೂಡಲೇ ಆಂಬುಲೆನ್ಸ್ ಕರೆಯಬೇಕು.

ಕೆಲಸದ ನಡುವೆ ಮೂತ್ರ ಕಟ್ಟಿಕೊಳ್ಳುವ, ಅದಕ್ಕಾಗಿ ನೀರನ್ನೇ ಕುಡಿಯದಿರುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ. ಉರಿಮೂತ್ರ, ಮೂತ್ರಪಿಂಡದ ಸೋಂಕು ಬರುವುದು ಅದರಿಂದಲೇ. ಜರ್ಮನಿಯಂಥ ಶೀತದೇಶಕ್ಕೆ ಹೋಗುವವರ ತೊಂದರೆ ಬೇರೆ. ಅಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕೈದಕ್ಕೆಲ್ಲ ಕತ್ತಲಾಗುತ್ತದೆ. ಬಿಸಿಲಿಲ್ಲದೆ ಮನಸ್ಸು ಕುಗ್ಗುತ್ತದೆ, ‘ಡಿ’ ಜೀವಸತ್ವ ಕಡಿಮೆಯಾಗುತ್ತದೆ. ಹಗಲಿನಲ್ಲಿ ಸ್ವಲ್ಪ ಹೊತ್ತಾದರೂ ಹೊರಗೆ ನಡೆದಾಡಬೇಕು.

ಮಗುವನ್ನು ನೆಲದಿಂದ ಎತ್ತುವಾಗ ಸೊಂಟ ಬಾಗಿಸದೆ ಮೊಣಕಾಲು ಮಡಚಿ ಕುಳಿತು, ಮಗುವನ್ನು ಎದೆಗೆ ಒತ್ತಿಕೊಂಡು ಏಳಿರಿ. ಪಾಯಖಾನೆ ತೊಳೆಯುವ ಆಸಿಡ್ಡನ್ನೂ ಬಟ್ಟೆಗೆ ಹಾಕುವ ಬ್ಲೀಚನ್ನೂ ಎಂದೂ ಬೆರೆಸಬೇಡಿ. ಅದರಿಂದ ಏಳುವ ವಿಷಾನಿಲ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಎರವಾದೀತು.

ಕೂಸಿನ ವಿಷಯದಲ್ಲಿ ಎಚ್ಚರ

ನಮ್ಮಲ್ಲಿ ಹಸುಗೂಸಿಗೆ ಜೇನುತುಪ್ಪ ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಮೂಗು-ಕಿವಿಗೆ ಎಣ್ಣೆ ಬಿಡುವುದು ರೂಢಿ. ಪರರ ಕೂಸಿಗೆ ಇವನ್ನು ಪ್ರೀತಿಯಿಂದಲೂ ಮಾಡಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪದಿಂದ ಬೊಟುಲಿಸಂ ಎಂಬ ಅಪಾಯಕರ ರೋಗ ಬರಬಹುದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ನಮ್ಮ ಕೂಸುಗಳಿಗೂ ಇವು ಬೇಡವೆಂದೇ ವೈದ್ಯಶಾಸ್ತ್ರ ಹೇಳುತ್ತದೆ. ತಾಯಿ-ತಂದೆ ಹೇಳದೆ ಯಾವ ಔಷಧಿಯನ್ನೂ ಕೊಡಬೇಡಿ. ಕೂಸನ್ನು ಅಂಗಾತ ಮಲಗಿಸಿ. ಎಷ್ಟೇ ಅತ್ತರೂ ಹಿಡಿದು ಅಲುಗಾಡಿಸಬೇಡಿ, ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ತಾಳ್ಮೆ ಮೀರಿದರೆ ಕೂಸನ್ನು ತೊಟ್ಟಿಲಲ್ಲಿ ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ ಬನ್ನಿ. ಸ್ನಾನದ ತೊಟ್ಟಿಯ ಬಳಿ ಮಗುವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದು. ಮಗು ಬಿದ್ದರೆ, ಸುಟ್ಟುಕೊಂಡರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ಕೂಡಲೇ ತಿಳಿಸಿ. ಮುಚ್ಚಿಟ್ಟ ಗಾಯದ ಹೊಣೆ ನಿಮ್ಮ ತಲೆಗೇ ಬರುತ್ತದೆ.

ನಿದ್ರೆ, ವಿಶ್ರಾಂತಿ, ಮನಸ್ಸು

ವಿಶ್ರಾಂತಿ ಯಾರೋ ದಯೆಯಿಂದ ಕೊಡುವ ದಾನವಲ್ಲ, ಕಾಯಿದೆಯ ಹಕ್ಕು. ಕುವೈತಿನ 2015ರ ಕಾಯಿದೆಯಂತೆ ಮನೆಗೆಲಸದವರನ್ನು ದಿನಕ್ಕೆ 12 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ವಾರಕ್ಕೊಂದು ರಜೆ ಉಂಟು. ಅರಬ್ ಸಂಯುಕ್ತ ಸಂಸ್ಥಾನದ 2022ರ ಕಾಯಿದೆಯಂತೆ ದಿನಕ್ಕೆ 12 ತಾಸು ವಿಶ್ರಾಂತಿ ಕೊಡಬೇಕು. ಅದರಲ್ಲಿ 8 ತಾಸು ಒಂದೇ ಸಮನೆ ಇರಬೇಕು. ಜರ್ಮನಿಯಲ್ಲಿ ಓ ಪೇರ್ ಕೆಲಸ ವಾರಕ್ಕೆ 30 ತಾಸು ಮೀರುವಂತಿಲ್ಲ. ಆರೋಗ್ಯ ವಿಮೆಯ ಖರ್ಚು ಆ ಕುಟುಂಬದ್ದೇ. ಕಾಯಿದೆ ಇದ್ದರೂ ಪಾಲಿಸದ ಮನೆಗಳಿವೆ. ಆದರೆ ಹಕ್ಕು ಇದೆಯೆಂದು ತಿಳಿದವಳು ಕೇಳಬಲ್ಲಳು.

ಮೊದಲ ಕೆಲವು ವಾರ ಅಳು ಬರುವುದು, ಊಟ ಸೇರದಿರುವುದು ಸಹಜ. ತನ್ನ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ಪರರ ಮಕ್ಕಳನ್ನು ಮುದ್ದಿಸುವ ತಾಯಿಯ ಸಂಕಟ ಸಣ್ಣದಲ್ಲ. ಆದರೆ ಎರಡು ವಾರಕ್ಕೂ ಮಿಕ್ಕಿ ನಿದ್ರೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ, ಸಾಯುವ ಯೋಚನೆ ಬರುತ್ತಿದ್ದರೆ ಅದು ಖಿನ್ನತೆ ಎಂಬ ಕಾಯಿಲೆ. ಅದಕ್ಕೆ ಔಷಧಿ ಇದೆ. ಮೊದಲೇ ಮನೋವ್ಯಾಧಿಯ ಚಿಕಿತ್ಸೆ ಪಡೆಯುತ್ತಿರುವವರು ಗುಳಿಗೆಯನ್ನು ತಾವಾಗಿ ನಿಲ್ಲಿಸಿ ಹೊರಡುವುದು ಬಹಳ ಅಪಾಯ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯಲ್ಲಿ ತೋರಿಸಿ, ಹೋಗಬಹುದೇ ಎಂದು ವಿಚಾರಿಸಿಯೇ ನಿರ್ಧರಿಸಿ.

ಮನೆಯವರಾರಾದರೂ ಮೈಮೇಲೆ ಕೈಮಾಡಿದರೆ, ಹೊಡೆದರೆ, ಅದು ನಿಮ್ಮ ತಪ್ಪಲ್ಲ. ನಾಚಿಕೆಯಿಂದ ಸುಮ್ಮನಿರದೆ ಭಾರತದ ದೂತಾವಾಸಕ್ಕೆ ತಿಳಿಸಿ. ಬಲಾತ್ಕಾರವಾಗಿದ್ದರೆ ಗರ್ಭ ಮತ್ತು ಎಚ್‌ಐವಿ ತಡೆಯುವ ಔಷಧಿ 72 ತಾಸಿನೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು, ಆರಂಭವಾಗಬೇಕು ಎಂಬುದು ನೆನಪಿರಲಿ.

ಕಾಗದಪತ್ರವೂ ಔಷಧಿಯೇ

ವೈದ್ಯನಿಗೆ ಕಾಯಿದೆಯ ಗೊಡವೆ ಏಕೆ ಎನ್ನಬಹುದು. ಆದರೆ ಕಾಗದ ಸರಿಯಿಲ್ಲದವಳಿಗೆ ಆಸ್ಪತ್ರೆಯ ಬಾಗಿಲು ದಾಟುವುದೂ ಕಷ್ಟ. ಪ್ರವಾಸಿ ವೀಸಾದ ಮೇಲೆ ಹೋಗಿ ಕೆಲಸ ಮಾಡಿದರೆ ವಿಮೆಯೂ ಇಲ್ಲ, ರಕ್ಷಣೆಯೂ ಇಲ್ಲ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ಸಾಮಾನ್ಯವಾಗಿ ಸರ್ಕಾರದ ವಲಸೆ ಅನುಮತಿ ಬೇಕು. ಅಂಥ ಹೆಣ್ಣುಮಕ್ಕಳಿಗೆ 30 ವರ್ಷ ತುಂಬದೆ ಮನೆಗೆಲಸಕ್ಕೆ ಅನುಮತಿ ಸಿಗುವುದಿಲ್ಲ. ಇವರ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕ ನಡೆಯಬೇಕೆಂಬ ನಿಯಮ 2016ರಲ್ಲಿ ಬಂದಿತು. ವಯಸ್ಸು ಹೆಚ್ಚಿಸಿ ಬರೆಸುತ್ತೇನೆ ಎನ್ನುವ ಏಜೆಂಟನಿಂದ ದೂರವಿರಿ. ಅನುಮತಿ ಪಡೆದು ಹೋಗುವವರಿಗೆ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಕಡ್ಡಾಯ. 2017ರ ಪರಿಷ್ಕರಣೆಯಂತೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ವಿಮೆ ಇದೆ. ಪಾಲಿಸಿಯ ಒಂದು ಪ್ರತಿ ಊರಿನ ಮನೆಯಲ್ಲಿರಲಿ.

ಒಂದು ಸಣ್ಣ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿ ಸದಾ ಜೊತೆಗಿಟ್ಟುಕೊಳ್ಳಿ: ಹೆಸರು, ರಕ್ತದ ಗುಂಪು, ಇರುವ ಕಾಯಿಲೆ, ತೆಗೆದುಕೊಳ್ಳುವ ಔಷಧಿ, ಒಗ್ಗದ ಔಷಧಿ, ಊರಿನ ಫೋನ್ ಸಂಖ್ಯೆ. ತುರ್ತು ಸಂಖ್ಯೆಗಳನ್ನು ಬಾಯಿಪಾಠ ಮಾಡಿ: ಕುವೈತ್ ಮತ್ತು ಜರ್ಮನಿಯಲ್ಲಿ 112, ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಆಂಬುಲೆನ್ಸಿಗೆ 998, ಸೌದಿಯಲ್ಲಿ 997, ಒಮಾನಿನಲ್ಲಿ 9999. ‘ನನಗೆ ಹುಷಾರಿಲ್ಲ’, ‘ಇಲ್ಲಿ ನೋವು’, ‘ಡಾಕ್ಟರ ಬಳಿ ಕರೆದೊಯ್ಯಿರಿ’ ಈ ಮೂರು ಮಾತನ್ನು ಆ ದೇಶದ ಭಾಷೆಯಲ್ಲಿ ಕಲಿತೇ ವಿಮಾನ ಹತ್ತಿರಿ.

ಊರಲ್ಲಿ ಉಳಿಯುವವರಿಗೂ ಒಂದು ಮಾತು. ಫೋನಿನಲ್ಲಿ ‘ಪಗಾರ ಯಾವಾಗ ಕಳಸ್ತಿ?’ ಎಂದು ಕೇಳುವ ಮೊದಲು ‘ಉಂಡಿ ಏನವಾ? ರಾತ್ರಿ ನಿದ್ದಿ ಬಂತ?’ ಎಂದು ಕೇಳಿ. ದನಿಯಲ್ಲಿ ಸೋಲು ಕಂಡರೆ ಗದರಿಸಬೇಡಿ. ವಾರಗಟ್ಟಲೆ ಫೋನ್ ಬಾರದಿದ್ದರೆ ವಿದೇಶಾಂಗ ಇಲಾಖೆಯ ‘ಮದದ್’ ವ್ಯವಸ್ಥೆಯಲ್ಲಿ ದೂರು ಕೊಡಬಹುದು. ಮರಳಿ ಬಂದ ಮೇಲೆ ಅವಳನ್ನು ಒಮ್ಮೆ ವೈದ್ಯರಲ್ಲಿ ತೋರಿಸುವುದನ್ನು ಮರೆಯಬೇಡಿ. ಅವಳು ಕಳಿಸಿದ ಹಣದಿಂದ ಮನೆಗೆ ಮಾಳಿಗೆ ಏರಬಹುದು. ಆದರೆ ಆ ಮನೆಯಲ್ಲಿ ಬಾಳಲು ಅವಳು ಗಟ್ಟಿಯಾಗಿ ಮರಳಬೇಕಲ್ಲವೆ?